ಸಕ್ಕರೆ ಡಬ್ಬಿಯ ಹಿಂದಿನ ಗುಳಿಗೆ

ಮುಟ್ಟು ಮುಂದೂಡುವ ಗುಳಿಗೆಯ ಪಟ್ಟಿಯನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೆ. ಅಲ್ಲೇ ಇಟ್ಟಿದ್ದು ನನ್ನ ದಡ್ಡತನ. ದಿನಕ್ಕೆ ನಾಲ್ಕು ಸಲ ಚಹಾ ಆಗುವ ಮನೆಯಲ್ಲಿ ಸಕ್ಕರೆ ಡಬ್ಬಿಯ ಹಿಂದೆ ಏನಾದರೂ ಬಚ್ಚಿಡೋಕೆ ಆಗುತ್ತದಾ? ಅತ್ತೆ ಪಟ್ಟಿ ಹಿಡಿದುಕೊಂಡೇ ಹೊರಗೆ ಬಂದರು.

ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಬಿಪಿ ಗುಳಿಗೆ ಯಾವುದು, ಶುಗರ್ ಗುಳಿಗೆ ಯಾವುದು, ತೀರಿಹೋದ ಮಾವನವರ ಡಬ್ಬಿಯಲ್ಲಿ ಉಳಿದದ್ದು ಯಾವುದು ಅಂತ ಪಟ್ಟಿ ನೋಡಿಯೇ ಹೇಳುತ್ತಾರೆ. ಇದನ್ನೂ ಗುರುತು ಹಿಡಿದರು.

"ಇದು ಆ ಗುಳಿಗಿ ಅಲ್ಲೇನ? ವಾಸ್ತುಶಾಂತಿಗೆ ತಗೊಂಡಿದ್ದೆಲ್ಲ?"

"ಹೌದ್ರಿ ಅತ್ತಿ."

"ಈಗ ಯಾವ ಪೂಜಿ ಐತಿ?"

"ಪೂಜಿ ಇಲ್ರಿ. ಗೋಕರ್ಣಕ್ಕ ಹೊಂಟೇವಲ್ಲ..."

"ಹಾಂ, ದರ್ಶನಕ್ಕ."

ಇಲ್ಲಿ ಸುಮ್ಮನೆ ಹೂಂ ಅಂದುಬಿಟ್ಟಿದ್ದರೆ ಮಾತು ಮುಗಿಯುತ್ತಿತ್ತು. ಯಾಕೋ ಹೂಂ ಅನ್ನಲಿಲ್ಲ. "ಈಜಾಕ್ರಿ" ಅಂದೆ.

ಅತ್ತೆ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು. "ಈಜಾಕ ಯಾರರ ಗುಳಿಗಿ ತಗೋತಾರೇನವಾ? ಗರ್ಭಚೀಲಕ್ಕ ಒಳ್ಳೇದಲ್ಲ ಅದು. ಮೈಗೆ ಉಷ್ಣ."

ಅದೇ ಗುಳಿಗೆ. ಅದೇ ಗರ್ಭಚೀಲ. 2011ರಲ್ಲಿ ಹೊಸ ಮನೆಯ ವಾಸ್ತುಶಾಂತಿ ದಿನ ಗೊತ್ತಾದಾಗ, ನನ್ನ ತಾರೀಖು ಅದರ ಮೇಲೇ ಬೀಳುತ್ತದೆ ಅಂತ ಕಂಡುಹಿಡಿದವರೂ ಇವರೇ, ಮಗನನ್ನು ಮೆಡಿಕಲ್‌ಗೆ ಅಟ್ಟಿದವರೂ ಇವರೇ. ಆಗ ಉಷ್ಣದ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

ನಾನು ಒಂದು ಪತ್ತಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಆ ರಾತ್ರಿ ಮಲಗಿಕೊಂಡು ಇದರದ್ದೂ ಲೆಕ್ಕ ಹಾಕಿದೆ. ಇಲ್ಲಿಯವರೆಗೆ ಐದು ಸಲ ಮುಟ್ಟು ಮುಂದೂಡಲು ಗುಳಿಗೆ ನುಂಗಿದ್ದೇನೆ. ಒಂದು ನನ್ನ ಮದುವೆಗೆ. ಎರಡು ನಾದಿನಿಯರ ಮದುವೆಗಳಿಗೆ. ಒಂದು ವಾಸ್ತುಶಾಂತಿಗೆ. ಇನ್ನೊಂದು ಮಾವನವರ ವರ್ಷದ ಕಾರ್ಯಕ್ಕೆ. ಐದರಲ್ಲಿ ಒಂದು ಸಲವೂ "ನಿನಗೆ ಇದು ಬೇಕೇನು" ಅಂತ ಯಾರೂ ಕೇಳಲಿಲ್ಲ. ಬೇಡ ಅಂತ ನಾನೂ ಹೇಳಲಿಲ್ಲ ಬಿಡಿ. ಆರನೇ ಸಲ, 42ನೇ ವಯಸ್ಸಿನಲ್ಲಿ, ನನಗೆ ನಾನೇ ಬೇಕು ಅಂತ ತಂದುಕೊಂಡಾಗ ಮಾತ್ರ ಇಡೀ ಮನೆಗೆ ನನ್ನ ಗರ್ಭಚೀಲದ ನೆನಪಾಯಿತು.

ನಮ್ಮ ಕಡೆ ಮದುವೆ ಗೊತ್ತುಮಾಡುವಾಗ ಗಂಡಸರು ಪಡಸಾಲೆಯಲ್ಲಿ ಕೂತು ಪಂಚಾಂಗ ನೋಡುತ್ತಾರೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಇನ್ನೊಂದು ಪಂಚಾಂಗ ನಡೆದಿರುತ್ತದೆ. "ಹುಡುಗಿದು ಯಾವಾಗ?" ಅಂತ ಒಬ್ಬರು ಮೆಲ್ಲಗೆ ಕೇಳುತ್ತಾರೆ. ಮುಟ್ಟು ಅನ್ನುವ ಪದ ಬರುವುದಿಲ್ಲ. 'ಯಾವಾಗ' ಅಂದರೆ ಸಾಕು. ನಮ್ಮವ್ವ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಅಮಾವಾಸ್ಯೆಯ ಕರಿ ಚುಕ್ಕೆಯ ಪಕ್ಕ, ಪೆನ್ಸಿಲಿನಲ್ಲಿ ಒಂದು ಸಣ್ಣ ಗುಣಾಕಾರ ಚಿಹ್ನೆ ಹಾಕುತ್ತಿದ್ದಳು. ಅಪ್ಪ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದ. ನನ್ನ ಮದುವೆಯ ಮುಹೂರ್ತ ಸರಿಯಾಗಿ ಆ ಗುಣಾಕಾರದ ಮೇಲೆ ಬಂತು. ಕಾಕಿ ಒಂದು ಪಟ್ಟಿ ತಂದು ನನ್ನ ಕೈಗಿಟ್ಟು, "ಉಂಡ ಮ್ಯಾಲ ಒಂದೊಂದು ನುಂಗು, ಯಾರ ಮುಂದೂ ಹೇಳಬ್ಯಾಡ" ಅಂದಳು. ನುಂಗಿದೆ. ಮದುವೆ ಸುಸೂತ್ರ ಆಯಿತು. ಮದುವೆಯ ಫೋಟೋಗಳಲ್ಲಿ ನನ್ನ ಮುಖ ಸ್ವಲ್ಪ ಊದಿಕೊಂಡಿದೆ. ಖುಷಿಗೆ ಅಂತ ಎಲ್ಲರೂ ಅಂದುಕೊಂಡರು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮದು ಲಿಂಗಾಯತರ ಮನೆ. ಬಸವಣ್ಣನವರ ಕಾಲದ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು ಅಂತ ಚಿಕ್ಕಂದಿನಿಂದ ಕೇಳುತ್ತಾ ಬಂದವರು ನಾವು. ಜನನ, ಮರಣ, ಜಾತಿ, ಎಂಜಲು, ರಜಸ್ಸು. ಐದನೆಯದು ಇದೇ, ಮುಟ್ಟು. ಲಿಂಗ ಕಟ್ಟಿಕೊಂಡವರಿಗೆ ಇವು ಯಾವುದೂ ಇಲ್ಲ. ಮಠದ ಪ್ರವಚನದಲ್ಲಿ ಇದನ್ನು ಹೇಳುವಾಗ ಮುಂದಿನ ಸಾಲಿನಲ್ಲಿ ಕೂತ ಹೆಂಗಸರೆಲ್ಲ ತಲೆದೂಗುತ್ತಾರೆ. ಮನೆಗೆ ಬಂದು ಕ್ಯಾಲೆಂಡರ್ ನೋಡುತ್ತಾರೆ.

ವಾಸ್ತುಶಾಂತಿಯ ಕತೆಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹಿಂದಿನ ದಿನ ನಮ್ಮ ಯಜಮಾನರು ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. "ದಿನಕ್ಕ ಒಂದಂತ" ಅಂದರು. ಅಂಗಡಿಯವರು ಹಾಗೇ ಹೇಳಿದರೋ, ಇವರು ನಾಚಿಕೊಂಡು ಅರ್ಧ ಕೇಳಿಸಿಕೊಂಡು ಓಡಿ ಬಂದರೋ, ಗೊತ್ತಿಲ್ಲ. ನಾನು ರಾತ್ರಿ ಒಂದು ನುಂಗಿ ಮಲಗಿದೆ. ಬೆಳಗ್ಗೆ ಇಬ್ಬರೂ ಮಣೆಯ ಮೇಲೆ ಕೂತಿದ್ದೇವೆ. ಅಯ್ಯನವರು ಕಳಸಕ್ಕೆ ನೀರು ಹಾಕುತ್ತಿದ್ದಾರೆ. ಹಿಂದೆ ನೂರಾಐವತ್ತು ಜನ. ಆಗ ಗೊತ್ತಾಯಿತು. ಹೆಂಗಸರಿಗೆ ಹೇಳಬೇಕಾಗಿಲ್ಲ ಹೇಗೆ ಗೊತ್ತಾಗುತ್ತದೆ ಅಂತ. ಎದ್ದು ಹೋಗಲೇ? ಎದ್ದರೆ ಏನಂತ ಹೇಳಲಿ? ಅಯ್ಯನವರು "ಹೂವು ಏರಸ್ರಿ ತಂಗೀ" ಅಂದರು. ಏರಿಸಿದೆ. ಪೂಜೆ ಮುಗಿಯುವವರೆಗೆ ಒಂದೂಮುಕ್ಕಾಲು ತಾಸು ಕೂತೇ ಇದ್ದೆ. ಹೊಸ ಹಸಿರು ಸೀರೆ. ಬೆವರು ಬೆನ್ನ ಮೇಲೆ ಇಳಿಯುತ್ತಿದ್ದರೂ ಅದು ಬೆವರೇ ಹೌದಾ ಅನ್ನುವ ಅನುಮಾನ. ಆ ದಿನದ ಒಂದು ಮಂತ್ರವೂ ನನಗೆ ನೆನಪಿಲ್ಲ.

ಮನೆ ಇನ್ನೂ ನಿಂತಿದೆ. ಪಶ್ಚಿಮದ ಗೋಡೆಯಲ್ಲಿ ಒಂದು ಬಿರುಕು ಬಿಟ್ಟಿದೆ. ಹುಬ್ಬಳ್ಳಿಯ ಗದಗ ರಸ್ತೆ ಕಡೆಯ ಎರಿ ಮಣ್ಣು, ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಪಾಯ ಆಳ ಹಾಕಿಸಬೇಕಿತ್ತು ಅಂತ ಎಂಜಿನಿಯರ್ ಹೇಳಿದ್ದಾರೆ. ನಾನು ಎಂಜಿನಿಯರ್ ಮಾತನ್ನು ನಂಬುತ್ತೇನೆ. ಆದರೂ ಆ ಬಿರುಕು ನೋಡಿದಾಗಲೆಲ್ಲ ಒಂದು ಸಲ ಹಸಿರು ಸೀರೆ ನೆನಪಾಗುತ್ತದೆ.

ಇನ್ನು ಈಜಿನ ವಿಷಯ. ಕಳೆದ ವರ್ಷ ಮೊಣಕಾಲು ನೋವು ಅಂತ ಹೋದಾಗ ಡಾಕ್ಟರು "ನಡಿಯೂದು ಕಡಿಮಿ ಮಾಡ್ರಿ, ಈಜು ಕಲೀರಿ" ಅಂದರು. ನಗಾಡಿಕೊಂಡೇ ಹೆಂಗಸರ ಬ್ಯಾಚಿಗೆ ಹೆಸರು ಕೊಟ್ಟೆ. ಮೊದಲ ತಿಂಗಳು ಪೂರ್ತಿ ಗೋಡೆ ಹಿಡಿದುಕೊಂಡು ಕಾಲು ಬಡಿದದ್ದಷ್ಟೇ. ಎರಡನೇ ತಿಂಗಳಲ್ಲಿ ಒಂದು ಬೆಳಗ್ಗೆ ನೀರು ನನ್ನನ್ನು ಎತ್ತಿ ಹಿಡಿಯಿತು. ಹಾಗೆ ಹೇಳಿದರೆ ಜಾಸ್ತಿ ಆಯಿತೇನೋ, ಆದರೆ ಬೇರೆ ಹೇಗೆ ಹೇಳುವುದು? 40 ವರ್ಷ ಹೊತ್ತುಕೊಂಡು ತಿರುಗಿದ ಮೈಯನ್ನು ಒಂದೇ ಸಲ ಯಾರೋ ಕೈಯಿಂದ ಇಸಿದುಕೊಂಡ ಹಾಗಾಯಿತು. ಬ್ಯಾಚಿನ ನಾಲ್ಕು ಜನ ಆವತ್ತೇ ನಿರ್ಧಾರ ಮಾಡಿದೆವು. ಸಂಕ್ರಾಂತಿ ಮುಗಿದ ವಾರ ಗೋಕರ್ಣ. ಒಂದು ಸಲವಾದರೂ ಸಮುದ್ರದಲ್ಲಿ ಇಳಿಯಬೇಕು.

ರೂಮು ಬುಕ್ ಆಯಿತು. ಆಮೇಲೆ ಕ್ಯಾಲೆಂಡರ್ ನೋಡಿದೆ. ಸರಿಯಾಗಿ ಮೊದಲನೇ ದಿನ. ನನಗೆ ಮೊದಲ ಎರಡು ದಿನ ಜಾಸ್ತಿ ಹೋಗುತ್ತದೆ, ಹೊಟ್ಟೆಬ್ಯಾನಿಗೆ ಎದ್ದು ನಿಲ್ಲಲೂ ಆಗುವುದಿಲ್ಲ. ಸಮುದ್ರದ ಮುಂದೆ ಕೂತು ಮೂವರ ಚಪ್ಪಲಿ ಕಾಯುವ ಯೋಗ.

ಈ ಸಲ ಮೆಡಿಕಲ್‌ಗೆ ಯಾರನ್ನೂ ಅಟ್ಟಲಿಲ್ಲ. ವಿದ್ಯಾನಗರದಲ್ಲಿ ಒಬ್ಬ ಲೇಡಿ ಡಾಕ್ಟರ್ ಹತ್ತಿರ ನಾನೇ ಹೋದೆ. ಹತ್ತು ದಿನ ಮುಂಚೆಯೇ ಹೋಗಿದ್ದು ಒಳ್ಳೆಯದಾಯಿತು.

"ಯಾವ ಕಾರ್ಯಕ್ರಮ ಐತ್ರಿ?" ಅಂತ ಅವರು ಬರೆಯುತ್ತಲೇ ಕೇಳಿದರು. ಈಜಲಿಕ್ಕೆ ಅಂದೆ. ಪೆನ್ನು ನಿಂತಿತು. "ನನ್ನ ಹತ್ರ ಇದನ್ನ ಕೇಳಿಕೊಂಡು ಬರೋರೆಲ್ಲ ಪೂಜಿ, ಮದುವಿ, ತಿರುಪತಿ ಅಂತಾರ" ಅಂದು ನಕ್ಕರು. ಆಮೇಲೆ ಪ್ರಶ್ನೆಗಳು ಶುರುವಾದವು. ಕಾಲಿನಲ್ಲಿ ಅಥವಾ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದ್ದು ಇದೆಯಾ? ತಾಯಿಗೆ, ಅಕ್ಕತಂಗಿಯರಿಗೆ? ಕಾಮಾಲೆ, ಲಿವರ್ ತೊಂದರೆ? ಎದೆಯಲ್ಲಿ ಗಂಟು? ತಲೆನೋವು ಬರುವ ಮುಂಚೆ ಕಣ್ಣ ಮುಂದೆ ಮಿಂಚಿದ ಹಾಗೆ ಆಗುತ್ತದಾ? ನಡುವೆ ಸುಮ್ನೆ ರಕ್ತ ಕಾಣಿಸಿಕೊಂಡದ್ದು? ಸಿಗರೇಟು? ಬಸಿರಿಲ್ಲ ಅಂತ ಖಾತ್ರಿನಾ? ಬಿಪಿ ನೋಡಿದರು, ತೂಕ ನೋಡಿದರು. ಹೀಗೆ ಕೇಳಿಸಿಕೊಳ್ಳುತ್ತಾ ಕೂತಿದ್ದಾಗ ನನಗೆ ಹಳೆಯ ಐದು ಸಲ ನೆನಪಾಗಿ ಸ್ವಲ್ಪ ಹೆದರಿಕೆಯೇ ಆಯಿತು. ಇವುಗಳಲ್ಲಿ ಯಾವುದಾದರೂ ಒಂದಕ್ಕೆ ನನ್ನ ಉತ್ತರ ಹೌದು ಅಂತ ಇದ್ದಿದ್ದರೆ? ಈ ಹಾರ್ಮೋನಿನಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದಂತೆ, ಅದಕ್ಕೇ ಇಷ್ಟು ಕೇಳುವುದು. ಕಾಕಿಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು. ಆದರೆ ಮೆಡಿಕಲ್ ಅಂಗಡಿಗೆ ಗೊತ್ತಿರಬೇಕಲ್ವಾ? ಚೀಟಿ ಇಲ್ಲದೆ ಮಾರಬಾರದು ಅಂತ ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ.

ಗುಳಿಗೆಯ ಹೆಸರು ನಾರ್‌ಎಥಿಸ್ಟೆರೋನ್, 5 ಮಿಲಿಗ್ರಾಂ. ದಿನಕ್ಕೆ ಮೂರು ಸಲ. ಮುಟ್ಟು ಬರುವ ದಿನಕ್ಕಿಂತ ಮೂರು ದಿನ ಮೊದಲೇ ಶುರು ಮಾಡಬೇಕು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಬರುತ್ತದೆ. ಹತ್ತು ದಿನ, ಬಹಳ ಅಂದರೆ 14 ದಿನ, ಅದಕ್ಕಿಂತ ಎಳೆಯಬಾರದು. ನನ್ನ ವಾಸ್ತುಶಾಂತಿ ಲೆಕ್ಕ ಎಲ್ಲಿ ತಪ್ಪಿತ್ತು ಅಂತ ಕುರ್ಚಿಯಲ್ಲಿ ಕೂತಲ್ಲೇ ತಿಳಿಯಿತು. ಒಂದು ದಿನ ಮುಂಚೆ ಒಂದು ಗುಳಿಗೆ! ಹೊಳೆ ಬಂದ ಮೇಲೆ ಒಡ್ಡು ಕಟ್ಟಿದ ಹಾಗೆ.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದೆ. ಡಾಕ್ಟರು ಒಂದು ಹಾಳೆಯಲ್ಲಿ ಚಿತ್ರ ಬರೆದರು. ನನಗೆ ಅರ್ಥ ಆದದ್ದು ಹಂದರದ ಲೆಕ್ಕದಲ್ಲಿ. ತಿಂಗಳ ನಡುವೆ ತತ್ತಿ ಬಿಡುಗಡೆ ಆದ ಮೇಲೆ ಪ್ರೊಜೆಸ್ಟೆರೋನ್ ಅನ್ನುವ ಹಾರ್ಮೋನು ಏರುತ್ತದೆ. ಗರ್ಭಚೀಲದ ಒಳಪದರಕ್ಕೆ ಅದೇ ಕಂಬ. ಬಸಿರು ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಆ ಹಾರ್ಮೋನು ಇಳಿಯುತ್ತದೆ. ಕಂಬ ಕಿತ್ತರೆ ಹಂದರ ಬೀಳುತ್ತದೆ, ಅದೇ ಮುಟ್ಟು. ಈ ಗುಳಿಗೆ ಅದೇ ಜಾತಿಯ ಹಾರ್ಮೋನು. ಮೈಯ ಕಂಬ ಕೀಳುವ ಮುಂಚೆ ನಾವು ಒಂದು ಬಾಡಿಗೆ ಕಂಬ ನಿಲ್ಲಿಸುತ್ತೇವೆ. ಗುಳಿಗೆ ಬಿಟ್ಟ ಕೂಡಲೇ ಅದೂ ಹೋಗುತ್ತದೆ, ಹಂದರ ಬೀಳುತ್ತದೆ. ಹೊಟ್ಟೆಯೊಳಗೆ ಕೆಟ್ಟ ರಕ್ತ ಕಟ್ಟಿಕೊಂಡು ಕೂತಿರುತ್ತದೆ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಹಾಗೇನಿಲ್ಲ. ಬೀಳಬೇಕಾದ್ದು ಇನ್ನೂ ಬಿದ್ದೇ ಇರುವುದಿಲ್ಲ, ಅಷ್ಟೇ.

"ಒಂದು ಗೊತ್ತಿರಲಿ," ಅಂದರು, "ಇದನ್ನ ಹಿಂಗ ತಗೊಂಡ್ರ ಬಸಿರು ತಡಿಯೂದಿಲ್ಲ." ನನಗೆ ನಗು ಬಂತು, ಆದರೆ ನಗುವ ಮಾತಲ್ಲ. ನಮ್ಮ ಓಣಿಯಲ್ಲೇ ಒಬ್ಬ ಹುಡುಗಿ ಮದುವೆಗೆ ಅಂತ ತಗೊಂಡು, ಇನ್ನು ಒಂದು ತಿಂಗಳು ಚಿಂತೆ ಇಲ್ಲ ಅಂದುಕೊಂಡಿದ್ದಳು. ಮುಂದಿನ ಗಣಪತಿ ಹಬ್ಬಕ್ಕೆ ತವರಿಗೆ ಬಂದಾಗ ಆರು ತಿಂಗಳು.

ಮಕ್ಕಳಾಗದಂತೆ ತಗೊಳ್ಳುವ ಗುಳಿಗೆಯ ದಾರಿಯೇ ಬೇರೆ. ಅದರ ಪಾಠವನ್ನು ನಮ್ಮ ಅಕ್ಕ ತಿರುಪತಿಯಲ್ಲಿ ಕಲಿತಳು. ಅಣ್ಣಿಗೇರಿಯಲ್ಲಿ ಇರುವವಳು, ಸರ್ಕಾರಿ ದವಾಖಾನೆಯಿಂದ ಪುಕ್ಕಟೆ ಸಿಗುವ ಮಾಲಾ-ಎನ್ ತಗೊಳ್ಳುತ್ತಿದ್ದಳು. ಆ ಪಟ್ಟಿಯಲ್ಲಿ 28 ಗುಳಿಗೆ. 21 ಬಿಳಿ, 7 ಕಂದು. ಹಾರ್ಮೋನು ಇರುವುದು ಬಿಳಿಯದರಲ್ಲಿ ಮಾತ್ರ. ಕಂದು ಬರೀ ಕಬ್ಬಿಣಾಂಶ, ದಿನಾ ನುಂಗುವ ರೂಢಿ ತಪ್ಪದಿರಲಿ, ರಕ್ತಕ್ಕೂ ಒಳ್ಳೆಯದು ಅಂತ ಇಟ್ಟಿರುವುದು. ಆ ಏಳು ದಿನದಲ್ಲೇ ರಕ್ತ ಹೋಗುವುದು. "ಗುಳಿಗಿ ಬಿಡಬ್ಯಾಡ, ತಗೋತ ಹೋಗು, ಬರೂದಿಲ್ಲ" ಅಂತ ಯಾರೋ ಹೇಳಿದ್ದನ್ನು ನಂಬಿ ಅಕ್ಕ ಕಂದು ಗುಳಿಗೆಗಳನ್ನು ಭಕ್ತಿಯಿಂದ ನುಂಗುತ್ತಾ ರೈಲು ಹತ್ತಿದಳು. ಗುಂತಕಲ್ ದಾಟುವುದರೊಳಗೆ ಮುಗಿಯಿತು ಕತೆ. ಎಲ್ಲರೂ ಬೆಟ್ಟದಲ್ಲಿ ಸಾಲಿನಲ್ಲಿ ನಿಂತಾಗ ಅಕ್ಕ ರೂಮಿನಲ್ಲಿ ಬ್ಯಾಗು ಕಾದಳು. ಕಂದು ಗುಳಿಗೆ ಬಿಟ್ಟು, ಬಿಳಿ ಮುಗಿದ ಮಾರನೇ ದಿನವೇ ಹೊಸ ಪಟ್ಟಿಯ ಬಿಳಿ ಶುರು ಮಾಡಬೇಕಿತ್ತು. ಮೊದಲಿನಿಂದ ಅದನ್ನು ತಗೊಳ್ಳುತ್ತಿರುವವರಿಗೆ ಮಾತ್ರ ಈ ದಾರಿ, ಅದೂ ಡಾಕ್ಟರಿಗೆ ಕೇಳಿಕೊಂಡು.

ತಮಾಷೆ ಏನಂದರೆ, ಆ ಏಳು ದಿನ ಬರುವುದು ನಿಜವಾದ ಮುಟ್ಟೇ ಅಲ್ಲವಂತೆ. ಹಾರ್ಮೋನು ನಿಲ್ಲಿಸಿದ್ದಕ್ಕೆ ಹೋಗುವ ರಕ್ತ. ಅಮೆರಿಕದಲ್ಲಿ ಮೊದಲ ಗುಳಿಗೆ ಬಂದಾಗ, 1957ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಮುಟ್ಟಿನ ತೊಂದರೆಗೆ ಔಷಧಿ ಅಂತ. ಬಸಿರು ತಡೆಯಲಿಕ್ಕೆ ಅಂತ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ತಿಂಗಳಿಗೊಮ್ಮೆ ಬಿಡುವು ಕೊಡುವ ಪದ್ಧತಿಯನ್ನು ಆಗ ಹಾಕಿಕೊಟ್ಟದ್ದು, ಹೆಂಗಸರಿಗೆ ಎಂದಿನಂತೆ ಅನ್ನಿಸಲಿ ಅಂತ. ಆ ಬಿಡುವಿನಿಂದ ಆರೋಗ್ಯಕ್ಕೆ ವಿಶೇಷ ಲಾಭ ಏನಿಲ್ಲ ಅಂತ 2019ರಲ್ಲಿ ಬ್ರಿಟನ್ನಿನ ತಜ್ಞರ ಸಂಸ್ಥೆಯೇ ಹೇಳಿತು. ನನ್ನ ಪಟ್ಟಿಯಲ್ಲಿದ್ದ ನಾರ್‌ಎಥಿಸ್ಟೆರೋನ್ ಇನ್ನೂ ಹಳೆಯದು. 1951ರಲ್ಲಿ ಮೆಕ್ಸಿಕೋದಲ್ಲಿ ತಯಾರಾದದ್ದು. ಅಲ್ಲಿಯ ಕಾಡುಗೆಣಸಿನಿಂದ ಹಾರ್ಮೋನು ಮಾಡುತ್ತಿದ್ದ ಕಂಪನಿ ಅದು. ಲೂಯಿಸ್ ಮಿರಾಮೊಂಟೆಸ್ ಅನ್ನುವ 26ರ ಹುಡುಗನ ಕೈಯಲ್ಲಿ ಕೊನೆಯ ಹಂತ ಮುಗಿಯಿತು. ಅಲ್ಲಿಯ ಗೆಣಸಿನ ಗಡ್ಡೆ ಎಲ್ಲಿ, ನಮ್ಮ ಮನೆಯ ವಾಸ್ತುಶಾಂತಿ ಎಲ್ಲಿ.

ಡಾಕ್ಟರು ಇನ್ನೊಂದು ದಾರಿಯನ್ನೂ ಹೇಳಿದರು. ಮುಟ್ಟಿನ ಕಪ್. ಸಿಲಿಕೋನಿನದು, ಒಳಗೆ ಇಟ್ಟುಕೊಂಡು ಈಜಬಹುದು, 12 ತಾಸಿನವರೆಗೂ ನಡೆಯುತ್ತದೆ, ಗುಳಿಗೆಯ ಗೊಡವೆಯೇ ಬೇಡ. ಹಿಂದಿನ ತಿಂಗಳೇ ಬಚ್ಚಲುಮನೆಯಲ್ಲಿ ಮುಕ್ಕಾಲು ತಾಸು ಅದರ ಜೊತೆ ಗುದ್ದಾಡಿದ್ದೆ ಅಂತ ಅವರಿಗೆ ಹೇಳಬೇಕಾಯಿತು. ಹೌದು, ಮೊದಲೇ ತರಿಸಿದ್ದೆ, ಬ್ಯಾಚಿನ ಹುಡುಗಿಯೊಬ್ಬಳ ಮಾತು ಕೇಳಿ. ಮಡಚಿ ಹಿಡಿದದ್ದು ಕೈಯಿಂದ ಚಿಮ್ಮಿ ಬಕೆಟ್ ಹಿಂದೆ ಹೋಯಿತು. ಹೊರಗಿನಿಂದ ಅತ್ತೆ, "ಏನ ಬಿತ್ತವಾ?" ಅಂದರು. "ಸಾಬೂನ್ರಿ" ಅಂದೆ. ರೂಢಿ ಆದವರು ಅದನ್ನು ಬಿಟ್ಟಿರುವುದಿಲ್ಲ ಅಂತಾರೆ. ಇರಬಹುದು. ನನಗೆ ಆ ಹೊಟ್ಟೆಬ್ಯಾನಿಗೆ ಕಪ್ ಉತ್ತರ ಅಲ್ಲ. ಗುಳಿಗೆ ಬರೆದುಕೊಡಿ ಅಂದೆ.

ಫೋನಿನಲ್ಲಿ ಮೂರು ಅಲಾರಂ ಇಟ್ಟೆ. ಬೆಳಗ್ಗೆ ಏಳು, ಮಧ್ಯಾಹ್ನ ಮೂರು, ರಾತ್ರಿ ಹನ್ನೊಂದು. ಎರಡನೇ ದಿನಕ್ಕೆ ತಲೆನೋವು. ಮೂರನೇ ದಿನ ಹೊಟ್ಟೆ ಉಬ್ಬರಿಸಿ ಸೀರೆಯ ನೆರಿಗೆ ಕೂಡಲಿಲ್ಲ. ಎದೆ ಕಲ್ಲಿನ ಹಾಗೆ. ಆಫೀಸಿನಲ್ಲಿ ಹದಿನೆಂಟು ರೂಪಾಯಿ ತಾಳೆ ಆಗಲಿಲ್ಲ ಅಂತ ಪಿಗ್ಮಿ ಹುಡುಗನ ಮೇಲೆ ಕೂಗಾಡಿದೆ, ಆಮೇಲೆ ತಪ್ಪು ನನ್ನದೇ ಅಂತ ಗೊತ್ತಾಗಿ ಅವನಿಗೆ ಗಿರಮಿಟ್ಟು ಕೊಡಿಸಿದೆ. ಪುಕ್ಕಟೆ ಏನೂ ಆಗುವುದಿಲ್ಲ, ಮೈ ತನ್ನ ಬಾಡಿಗೆ ತಗೊಂಡೇ ತಗೊಳ್ಳುತ್ತದೆ. ಮದುವೆಯ ವಾರವೂ ಹೀಗೇ ಆಗಿತ್ತಲ್ವಾ? ಆಗ ಎಲ್ಲ ಗದ್ದಲದಲ್ಲಿ ಮುಚ್ಚಿಹೋಗಿತ್ತು. ಅತ್ತದ್ದನ್ನು ತವರು ಬಿಟ್ಟು ಹೋಗುವ ದುಃಖ ಅಂದುಕೊಂಡರು.

ಯಜಮಾನರು ಮಾತ್ರ ಏನೂ ಅನ್ನಲಿಲ್ಲ. ರಾತ್ರಿ ಹನ್ನೊಂದರ ಅಲಾರಂ ಹೊಡೆದಾಗ ನೀರಿನ ತಂಬಿಗೆ ತಂದಿಟ್ಟು ಮಲಗುತ್ತಿದ್ದರು. 2011ರ ಲೆಕ್ಕ ತೀರಿಸುತ್ತಿದ್ದರೋ ಏನೋ.

ಬೆಳಗಿನ ಬಸ್ಸು. ಯಲ್ಲಾಪುರದಲ್ಲಿ ಅವಲಕ್ಕಿ, ಚಹಾ. ಅರಬೈಲ್ ಘಟ್ಟ ಇಳಿಯುವಾಗ ಕಿವಿ ಕಟ್ಟಿತು, ಅಂಕೋಲಾ ಬರುವಷ್ಟರಲ್ಲಿ ಗಾಳಿಯಲ್ಲಿ ಮೀನಿನ ವಾಸನೆ. ಮಹಾಬಲೇಶ್ವರನ ಗುಡಿಗೂ ಹೋದೆವು, ಗುಳಿಗೆಯ ಪುಣ್ಯದಿಂದ ನನಗೂ ದರ್ಶನ ಆಯಿತು. ನಾಲ್ಕು ಗಂಟೆಗೆ ಕುಡ್ಲೆ ದಂಡೆ.

ಈಜುಕೊಳದ ನೀರು ಹೇಳಿದ ಮಾತು ಕೇಳುತ್ತದೆ. ಸಮುದ್ರ ಕೇಳುವುದಿಲ್ಲ. ಮೊದಲ ತೆರೆಗೆ ಮೊಣಕಾಲು ತಪ್ಪಿತು, ಬಾಯಿ ತುಂಬ ಉಪ್ಪು. ಕಾವಲಿನ ಹುಡುಗ ಸೀಟಿ ಊದಿ ಇನ್ನೂ ಈ ಕಡೆ ಬನ್ನಿ ಅಂತ ಕೈ ಮಾಡಿದ. ಎದೆಮಟ ನೀರಿನಲ್ಲಿ ನಿಂತು, ತೆರೆ ಬಂದಾಗ ಕಾಲು ಬಿಟ್ಟು, ತೆರೆ ಹೋದಾಗ ಮರಳು ಹುಡುಕುವುದು. ಅಷ್ಟೇ ಮಾಡಿದ್ದು. ಈಜು ಅಂತ ಕರೆಯಲು ನಾಚಿಕೆ ಆಗಬೇಕು. ಆದರೆ ಕತ್ತಲಾಗುವವರೆಗೆ ನಾವು ನಾಲ್ವರೂ ಹೊರಗೆ ಬರಲಿಲ್ಲ. ಕೈಬೆರಳೆಲ್ಲ ನೆನೆಸಿದ ಕಡಲೆಯ ಹಾಗೆ ಸುಕ್ಕುಗಟ್ಟಿದ್ದವು. ಮಾರನೇ ದಿನವೂ ಅದೇ. ಮೂರನೇ ದಿನವೂ ಅದೇ.

ಸೋಮವಾರ ರಾತ್ರಿ ಕೊನೆಯ ಗುಳಿಗೆ. ಗುರುವಾರ ಮಧ್ಯಾಹ್ನ ಬಂತು. ಬಾಕಿ ಬಡ್ಡಿ ಸಮೇತ. ರಜೆ ಹಾಕಿ ಬಿಸಿನೀರಿನ ಚೀಲ ಹೊಟ್ಟೆಗೆ ಒತ್ತಿಕೊಂಡು ಪಡಸಾಲೆಯ ಮಂಚದ ಮೇಲೆ ಮುದುಡಿ ಮಲಗಿದ್ದೆ. ಅತ್ತೆ ಏನಾದರೂ ಅನ್ನುತ್ತಾರೆ ಅಂತ ಕಾದೆ. ಅವರು ಕೆಳಗೆ ಕೂತು ಫೋನ್ ನೋಡುತ್ತಿದ್ದರು. ನವಲಗುಂದ ಕಡೆಯ ಅವರ ತವರೂರಿನಿಂದ ತಮ್ಮನ ಮೊಮ್ಮಗ ವಿಡಿಯೋ ಕಳಿಸಿದ್ದ. ಭಾರತ ಹುಣ್ಣಿಮೆಯ ಜಾತ್ರೆಗೆ ಉಳವಿಗೆ ಚಕ್ಕಡಿ ಹೊರಟಿದ್ದವು. ಎತ್ತಿನ ಕೊಂಬಿಗೆ ಬಣ್ಣ, ಬೆನ್ನಿಗೆ ಜೂಲು, ಗೆಜ್ಜೆ. ಅಡಕೇಶ್ವರ ಮಡಕೇಶ್ವರ ಉಳವಿ ಚನ್ನಬಸವೇಶ್ವರ, ಹರ ಹರ ಮಹಾದೇವ ಅಂತ ಹುಡುಗರ ಕೂಗು. ಮೂರು ಸಲ ನೋಡಿದರು.

"ನಾ ಉಳವಿಗೆ ಹೋಗೇನಿ," ಅಂದರು, "ಆದ್ರ ಉಳವಿ ನೋಡಿಲ್ಲ."

ಮದುವೆಯಾದ ಮರುವರ್ಷ. ಹತ್ತೊಂಬತ್ತು ಇರಬೇಕು. ಚಕ್ಕಡಿಯಲ್ಲಿ ಹದಿನೈದು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಮಾದಲಿ, ಶೇಂಗಾ ಹಿಂಡಿ. ಹಳಿಯಾಳ ದಾಟಿ, ದಾಂಡೇಲಿ ಅಡವಿ ದಾಟಿ, ನಾಳೆ ಊರು ಮುಟ್ಟುತ್ತೇವೆ ಅನ್ನುವಾಗ ಕಡಿಗಾದರು, ಅಂದರೆ ಮುಟ್ಟಾದರು. ಅವರತ್ತೆಗೆ ಹೇಳಿದರು. ಹೇಳದೆ ಹೇಗಿರುವುದು? ಎಲ್ಲರೂ ಗುಡಿಗೆ ಹೋದಾಗ ಇವರನ್ನು ಚಕ್ಕಡಿ ಬಿಟ್ಟಲ್ಲಿ, ಒಂದು ಮರದ ಕೆಳಗೆ ಕೂರಿಸಿ ಹೋದರು. ಎರಡು ದಿನ. ಜೊತೆಗೆ ಎತ್ತುಗಳು. ರೊಟ್ಟಿಯನ್ನು ದೂರದಿಂದ ಅರಿವೆಯ ಮೇಲೆ ಇಟ್ಟು ಹೋಗುತ್ತಿದ್ದರು.

"ಏನ ಮಾಡಿದ್ರಿ ಎರಡು ದಿನ?"

"ಏನ ಮಾಡೂದು. ಎತ್ತಿನ ಮೈಯಾಗಿನ ಉಣ್ಣಿ ಕಿತ್ತಿದ್ನಿ." ಸ್ವಲ್ಪ ಹೊತ್ತು ಬಿಟ್ಟು ಕೊರಳಿಗೆ ಕೈ ಹಾಕಿದರು, ಲಿಂಗದ ಕರಡಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ಇದು ಕೊರಳಾಗ ಇತ್ತು. ಇದನ್ನ ಕಟ್ಟಿಕೊಂಡ ಕುಂತಿದ್ನಿ."

ಆಗ ನಾನು ಹೇಳಿಬಿಟ್ಟೆ, ವಾಸ್ತುಶಾಂತಿ ದಿನದ್ದು. ಗುಳಿಗೆ ಕೈಕೊಟ್ಟಿದ್ದು, ಮಣೆಯಿಂದ ಏಳದೆ ಇದ್ದದ್ದು.

"ಗೊತ್ತಿತ್ತು" ಅಂದರು. "ಮಧ್ಯಾಹ್ನ ಹಸರ ಸೀರಿ ಬಿಟ್ಟು ಹಳೇದು ಉಟ್ಟಿದ್ದೆಲ್ಲ."

"ಮತ್ತ ಯಾಕ ಸುಮ್ನ ಇದ್ರಿ?"

"ಅಯ್ಯನವರಿಗೆ ದಕ್ಷಿಣಿ ಕೊಟ್ಟು ಆಗಿತ್ತು."

ನಾನು ನಕ್ಕೆ. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕೆ. ಅವರು ನಗಲಿಲ್ಲ. ಎದ್ದು ಬಂದು ಬಿಸಿನೀರಿನ ಚೀಲ ಮುಟ್ಟಿ ನೋಡಿದರು. ತಣ್ಣಗಾಗಿತ್ತು.

"ಸಮುದ್ರದಾಗ ಎಲ್ಲಿ ಮಟ ಹೋಗಿದ್ದಿ?"

"ಎದಿ ಮಟ್ರಿ ಅತ್ತಿ."

"ಕಾಲು ನೆಲಕ್ಕ ಹತ್ತತಿತ್ತ?"

"ತೆರಿ ಬಂದಾಗ ಹತ್ತತಿರಲಿಲ್ರಿ."

ಚೀಲ ಎತ್ತಿಕೊಂಡು ನೀರು ಕಾಯಿಸಲು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಮತ್ತೆ ಎತ್ತಿನ ಗೆಜ್ಜೆ ಸದ್ದು ಕೇಳಿಸಿತು. ಫೋನ್ ಅವರ ಕೈಯಲ್ಲೇ ಇತ್ತು.